ಕೂಗುತ್ತಲೇ ಇದ್ದ ಹುಂಡುಕೋಳಿ

ಪಕ್ಷಿಧಾಮದ ಮಾನ್ಯ ಅಧಿಕಾರಿಗಳೇ,

ಇಲ್ಲ, ನಾನು ಕುಡಿದಿರಲಿಲ್ಲ. ನಿಮ್ಮ ಸ್ಪೀಕರನ್ನು ಜೊಂಡಿನಿಂದ ಕಿತ್ತು ಕೆರೆಗೆ ಎಸೆದಾಗ ನನಗೆ ಪೂರ್ತಿ ಎಚ್ಚರ ಇತ್ತು. ಸರ್ಕಾರಿ ಆಸ್ತಿ ಅಂತೀರಿ. ಸರಿ. ಹುಂಡುಕೋಳಿ ಯಾರ ಆಸ್ತಿ, ಸ್ವಾಮಿ?

ನಾನು ಅಲ್ಲಿ ದೋಣಿ ನಡೆಸುತ್ತಿದ್ದವನು. ಶಾಲೆ ಅರ್ಧಕ್ಕೇ ಬಿಟ್ಟವನು, ಮಾತು ಒರಟು. ಹುಂಡುಕೋಳಿ ಜೊಂಡಿನೊಳಗೆ ಅಡಗಿರುವ ಹಕ್ಕಿ. ಸುಮ್ಮನೆ ಕಾದರೆ ಕಂಡೀತು. ಟಿಕೆಟ್ ಕೊಂಡವರಿಗೆ ಕಾಯುವ ಪುರುಸೊತ್ತು ಎಲ್ಲಿ? ಅದಕ್ಕೆ ತಾವು ಅದರ ಕೂಗನ್ನು ರೆಕಾರ್ಡ್ ಮಾಡಿಸಿ ಸ್ಪೀಕರಿನಲ್ಲಿ ಹಾಕಿಸಿದಿರಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ಅದು ಜಗಳಕ್ಕೆ ಹೊರಗೆ ಬರುತ್ತಿತ್ತು. ಎಲ್ಲರಿಗೂ ಫೋಟೋ. ಇಲ್ಲದ ಶತ್ರುವಿನ ಜೊತೆ ದಿನವಿಡೀ ಜಗಳ ಆಡಿ ಯಾರು ತಾನೇ ಬಾಳುತ್ತಾರೆ? ಗೂಡು ಬಿಟ್ಟು ಹೋಯಿತು. ಮೊಟ್ಟೆ ತಣ್ಣಗಾದವು. ಸ್ಪೀಕರ್ ಮಾತ್ರ ಕೂಗುತ್ತಲೇ ಇತ್ತು.

ನನಗಿಂತ ಮುಂಚೆ ಆ ದೋಣಿ ನಮ್ಮ ತಾತನದು. ಈಗ ಅವನಿಗೆ ಎರಡೂ ಕಣ್ಣು ಇಲ್ಲ. ಬೆಳಿಗ್ಗೆ ಕೈ ಹಿಡಿದು ತಂದು ದಡದ ಬೆಂಚಿನಲ್ಲಿ ಕೂರಿಸುತ್ತಿದ್ದೆ. ಕೂಗು ಕಿವಿಗೆ ಬಿದ್ದರೆ "ಇದಾನೆ ಕಣೋ ಜಗಳಗಂಟ" ಎಂದು ಮುಖ ಅರಳಿಸುತ್ತಿದ್ದ. ಹಕ್ಕಿ ಹೋದ ಮೇಲೂ ಅರಳಿಸಿದ.

ಒಂದು ದಿನ ಮೆಲ್ಲಗೆ ಕೇಳಿದ: "ಮಗಾ, ಅದಕ್ಕೆ ಹುಷಾರಿಲ್ವೇನೋ? ಉಸಿರೇ ತಗೊಳ್ದೆ ಒಂದೇ ಥರ ಕೂಗ್ತಿದೆ. ಹೆಣ್ಣು ಉತ್ತರಾನೇ ಕೊಡ್ತಿಲ್ಲ."

"ನಿಂಗೆ ಕಿವೀನೂ ಹೋಯ್ತು ತಾತ" ಅಂದೆ, ನಗಿಸೋಣ ಅಂತ.

"ನನ್ನ ಕಿವಿ ಹಾಳಾಗ್ಲಿ. ಕಾಲಿಗೆ ಬಲೆ ಗಿಲೆ ಸಿಕ್ಕಿರಬೇಕು. ಹೋಗಿ ಬಿಡಿಸಿ ಬಾರೋ."

ದೋಣಿ ತೆಗೆದುಕೊಂಡು ಹೋದೆ. ಬಿಡಿಸಲು ಅಲ್ಲಿ ಏನಿತ್ತು ಹೇಳಿ? ಒಂದು ಪ್ಲಾಸ್ಟಿಕ್ ಡಬ್ಬ. ಬಿಡಿಸಿದೆ.

ನನ್ನ ಕೆಲಸ ಕಿತ್ತುಕೊಂಡಿರಿ, ಹೋಗಲಿ. ತಾತನನ್ನು ಗೇಟಿನಲ್ಲೇ ತಡೆದಿರಲ್ಲ, ಅದು ಯಾವ ನ್ಯಾಯ? ಕಣ್ಣಿಲ್ಲದವನು ನಿಮ್ಮ ಯಾವ ಆಸ್ತಿ ಎಸೆದಾನು? "ಗುಣ ಆಯ್ತೇನೋ ಅದಕ್ಕೆ?" ಎಂದು ದಿನಾ ಕೇಳುತ್ತಾನೆ.

ಉಳಿದ ಸ್ಪೀಕರುಗಳನ್ನು ತೆಗೆಸಿ. ಜೊಂಡಿನ ಹತ್ತಿರ ಯಾರನ್ನೂ ಬಿಡಬೇಡಿ. ಹಕ್ಕಿ ತಿರುಗಿ ಬಂದರೂ ಬಂದೀತು. ತಾತನಿಗೆ ಆ ಬೆಂಚು ಕೊಡಿ. ಅದು ಬರುವ ತನಕ ಬರೀ ನೀರಿನ ಸದ್ದನ್ನಾದರೂ ಕೇಳಲಿ.

ಈ ಕಾಗದವನ್ನು ಪತ್ರಿಕೆಗೂ ಕಳಿಸಿದ್ದೇನೆ. ಇದರ ಒಂದು ಪ್ರತಿಯನ್ನು ನಿಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ, ದೋಣಿಯ ಹುಟ್ಟಿನ ಜೊತೆ. ಬಾಗಿಲು ದಢಾರ್ ಅಂದರೆ ಗಾಳಿ ಅಂದುಕೊಳ್ಳಬೇಡಿ. ಅದು ರೆಕಾರ್ಡಿಂಗ್ ಅಲ್ಲ. ನಾನೇ.

ಇಂತಿ,
ಇನ್ನು ಮೇಲೆ ನಿಮ್ಮ ವಿಧೇಯನಲ್ಲದ,
ಹುಂಡುಕೋಳಿ ಇಲ್ಲದ ಕೆರೆಯ ದೋಣಿ ಇಲ್ಲದ ದೋಣಿಯವನು