ಉಂಗುರದ ಸೊನ್ನೆ ಗೆರೆ

೯-೩-೮೧, ಸೋಮವಾರ. ಬೆಳಿಗ್ಗೆ ೭, ರೈಲು

ಇವತ್ತೂ ಕಿಟಕಿ ಸೀಟು ಸಿಗಲಿಲ್ಲ. ಹರಿಹರ ಬರುವಷ್ಟರಲ್ಲಿ ಬರೆದು ಮುಗಿಸಬೇಕು. ನಿನ್ನೆ ಮಾಲತೇಶ ಮನೆಗೆ ಬಂದಿದ್ದ. ಈಗ ದಾವಣಗೆರೆಯ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ನನಗೆ ಮಾತ್ರ ಮೂರನೇ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಮಾಲತೇಶನೇ. ಅವನ ಡಾಕ್ಟರೇಟಿಗೆ ಒಂದು ಹಿತ್ತಾಳೆ ಉಂಗುರ ಬೇಕಂತೆ.

ಶ್ರವಣ ನಕ್ಷತ್ರದ ಹತ್ತಿರ ಒಂದು ಜೋಡಿ ನಕ್ಷತ್ರ ಇದೆಯಂತೆ. ಒಂದು ಇನ್ನೊಂದರ ಅನಿಲ ಹೀರುತ್ತದೆ, ಎಕ್ಸ್‌ರೇ ಕಾರುತ್ತದೆ. ನುಂಗಲಾಗದ್ದನ್ನು ಎರಡು ಕಡೆಗೂ ಪಿಚಕಾರಿಯ ಹಾಗೆ ಚಿಮ್ಮುತ್ತದೆ. ಆ ಜೆಟ್ಟಿನ ಬೆಳಕು ಯಾವ ದಿಕ್ಕಿಗೆ ಅಲುಗುತ್ತದೆ ಎಂದು ಅಳೆಯಬೇಕು. ಒಂದೇ ದಿಕ್ಕಿಗೆ ಅಲುಗುವ ಬೆಳಕನ್ನು ಮಾತ್ರ ಬಿಡುವ ಪೋಲರಾಯ್ಡ್ ಹಾಳೆಯನ್ನು ಉಂಗುರದೊಳಗೆ ಕೂಡಿಸಿ, ದುರ್ಬೀನಿಗೆ ಸಿಕ್ಕಿಸಿ ಹಾಳೆ ತಿರುಗಿಸಿದರೆ ಗೊತ್ತಾಗುತ್ತದೆ. ನನಗೆ ತಿಳಿದದ್ದು ಅರ್ಧ. ಡಿಗ್ರಿ ಗೆರೆ ಕೊರೆಯುವುದು ಮಾತ್ರ ಪೂರ್ತಿ ತಿಳಿಯಿತು.

ಕಾರ್ಖಾನೆಯ ಟೂಲ್ ರೂಮಿನಲ್ಲಿ ಹದಿನಾಲ್ಕು ವರ್ಷ. ಅಷ್ಟೂ ಮಾಡದಿದ್ದರೆ ಹೇಗೆ?

೨೯-೩-೮೧, ಭಾನುವಾರ

ಉಂಗುರ ಆಯಿತು. ಜಗಲಿಯ ಮೇಲೆ, ಹಜ್‌ಗೆ ಹೋಗುವವರಿಗೆ ಕಾಂಪಾಸು ಮಾಡುವ ಬೆಂಚಿನಲ್ಲೇ ಮಾಡಿದೆ. ಮುನ್ನೂರ ಅರವತ್ತು ಗೆರೆ. ಒಂದೂ ಅಲುಗಿಲ್ಲ. ಅಂಚಿನಲ್ಲಿ ಒಂದು ಪಿನ್ನು. ದುರ್ಬೀನಿಗೆ ಸಿಕ್ಕಿಸಿದಾಗ ಪಿನ್ನು ಇರುವ ಕಡೆ ಉತ್ತರ.

ಮಾಲತೇಶ ಬೆರಳಿನಿಂದ ಸವರಿ ಸವರಿ ನೋಡಿದ. ಹೆಂಡತಿ ಹಜೀರಾ ಒಳಗಿನಿಂದ, ಮದುವೆ ಉಂಗುರನೂ ಇಷ್ಟು ನೋಡಿರಲಿಕ್ಕಿಲ್ಲ ಎಂದಳು. ನಕ್ಕೆವು. ಬಹಳ ಖುಷಿ ನನಗೆ. ಸುಳ್ಳು ಯಾಕೆ?

೧೭-೫-೮೧, ಭಾನುವಾರ

ಮಾಲತೇಶ ತಮಿಳುನಾಡಿನ ಬೆಟ್ಟದಿಂದ ವಾಪಸ್. ಮುಖ ಊರಗಲ. ಆರು ರಾತ್ರಿ ಸಿಕ್ಕಿತಂತೆ. ಎಲ್ಲರೂ ಬೆಳಕು ಜೆಟ್ಟಿನ ಉದ್ದಕ್ಕೇ ಇರುತ್ತದೆ ಅಂದುಕೊಂಡಿದ್ದರಂತೆ — ಇವನಿಗೆ ಸಿಕ್ಕಿದ್ದು ಅಡ್ಡಡ್ಡ. ಗೈಡ್ ಕುರ್ಚಿಯಿಂದ ಎದ್ದೇಬಿಟ್ಟರಂತೆ. ಇದೊಂದು ಪೇಪರಿಗೆ ಡಾಕ್ಟರೇಟು ಗ್ಯಾರಂಟಿ.

ಮೊದಲೇ ಗೊತ್ತಿರುವ ಒಂದು ನಕ್ಷತ್ರ ನೋಡಿ ಉಂಗುರವನ್ನು ತಾಳೆ ಹಾಕಬೇಕಿತ್ತಂತೆ. ಮೋಡ ಬಂತಂತೆ. ಹಾಗಾದರೆ ಹೇಗೆ ಎಂದೆ.

“ನೀನು ಕೊರೆದ ಗೆರೆ ಐತಲ್ಲೋ. ಅದಕ್ಕಿಂತ ತಾಳೆ ಬೇಕೇನು?”

೭-೬-೮೧, ಭಾನುವಾರ. ಸಂಜೆ

ಈ ಸಲ ಹಜ್‌ಗೆ ಹೊರಟ ಮಸ್ತಾನಸಾಬರ ಕಾಂಪಾಸಿಗೆ ಕೂತಿದ್ದೆ. ಮೊದಲ ಗೆರೆ ಎಳೆದೆ. ಎಡಕ್ಕೆ. ಪಶ್ಚಿಮಕ್ಕೆ. ನನ್ನ ಕಾಂಪಾಸಿನಲ್ಲಿ ಎಣಿಕೆ ಶುರುವಾಗುವುದು ನಮಾಜಿಗೆ ಮುಖ ಮಾಡುವ ಕಿಬ್ಲಾದ ಕಡೆಯಿಂದ. ಉತ್ತರದಿಂದ ಅಲ್ಲ. ಕೈ ಕೇಳುವುದಿಲ್ಲ, ತಾನೇ ಹೋಗುತ್ತದೆ...

ಉಂಗುರದಲ್ಲೂ ಹೀಗೇ ಎಳೆದೆನೇನು? ಎದ್ದು ಮಾಲತೇಶ ಕೊಟ್ಟ ಡ್ರಾಯಿಂಗ್ ಹುಡುಕಿದೆ. ಸೊನ್ನೆ ಪಿನ್ನಿನ ನೇರಕ್ಕೆ ಇದೆ. ಉಂಗುರಕ್ಕಿಂತ ಮೊದಲು ಕೊರೆದು ನೋಡಿದ ತಗಡು ಹುಡುಕಿದೆ. ಅದರಲ್ಲಿ ಸೊನ್ನೆ ಎಡಕ್ಕೆ. ಕಾಲು ಸುತ್ತು ತಪ್ಪು.

ಅಡ್ಡ ಅಂದದ್ದು ಅಡ್ಡ ಅಲ್ಲ. ಉದ್ದಕ್ಕೇ ಇದೆ, ಎಲ್ಲರೂ ಅಂದ ಹಾಗೆ. ಪೇಪರು ನಾಳೆ ರಿಜಿಸ್ಟರ್ ಪೋಸ್ಟಿಗೆ ಹೋಗುತ್ತದೆ. ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಾಯಿ ಬಿಟ್ಟರೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಊಟ ಸೇರಲಿಲ್ಲ. ಹಜೀರಾ ಬಿಡದೆ ಕೇಳಿದಳು, ಹೇಳಿದೆ. ತಟ್ಟೆ ಎತ್ತಿಟ್ಟಳು.

“ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗಿ ಹೇಳ್ರಿ. ಚಾ ಬಂದು ಕುಡೀರಿ.”

೮-೬-೮೧, ಸೋಮವಾರ

ಕೆಲಸಕ್ಕೆ ರಜೆ. ಏಳಕ್ಕೆ ದೇವರಾಜ ಅರಸು ಬಡಾವಣೆಯ ಅವನ ಮನೆಯಲ್ಲಿದ್ದೆ. ಮಾಲತೇಶ ಲಕೋಟೆಗೆ ಗೋಂದು ಹಚ್ಚುತ್ತಿದ್ದ. ಹೇಳಿದೆ. ನಂಬಲಿಲ್ಲ. ಉಂಗುರ ತಂದ, ನನ್ನನ್ನು ಹಿತ್ತಲಿಗೆ ಕರೆದ. ನೀರಿನ ತೊಟ್ಟಿಯ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ನೀರಿನಿಂದ ಬರುವ ಹೊಳಪು ನೆಲಕ್ಕೆ ಸಮನಾಗಿ, ಮಲಗಿದ ಹಾಗೆ ಅಲುಗುತ್ತದಂತೆ. ಪಿನ್ನು ಮೇಲೆ ಮಾಡಿ ಹಿಡಿದರೆ ಅದು ಸೊನ್ನೆಯಲ್ಲೇ ಆರಬೇಕು.

ಹಾಳೆಯನ್ನು ಸೊನ್ನೆಗೆ ಇಟ್ಟ. ಹೊಳಪು ಹಾಗೇ ಇತ್ತು. ನಿಧಾನಕ್ಕೆ ತಿರುಗಿಸಿದ. ನೀರಿನ ತಳದ ಪಾಚಿ ಕಂಡಿತು.

“ತೊಂಬತ್ತು” ಅಂದ. ಅಷ್ಟೇ.

ಲಕೋಟೆ ತೆಗೆದುಕೊಂಡು ಒಳಗೆ ಹೋದ. ಬರುತ್ತಾನೇನೋ ಎಂದು ತೊಟ್ಟಿಯ ಹತ್ತಿರ ನಿಂತೇ ಇದ್ದೆ. ಬರಲಿಲ್ಲ. ಮನೆಗೆ ನಡೆದೇ ಬಂದೆ.

೨೧-೬-೮೧, ಭಾನುವಾರ

ಹದಿಮೂರು ದಿನ ಏನೂ ಬರೆಯಲಿಲ್ಲ. ಕಾಂಪಾಸೂ ಮುಟ್ಟಲಿಲ್ಲ. ಮಸ್ತಾನಸಾಬ್ ಎರಡು ಸಲ ಬಂದು ಹೋದರು.

ಇವತ್ತು ಹತ್ತು ಗಂಟೆಗೆ ಮಾಲತೇಶ ಬಂದ. ಸೊರಗಿದ್ದಾನೆ. ಗೈಡಿಗೆ ಎಲ್ಲ ಬರೆದನಂತೆ. ಬೈದರಂತೆ — ನಕ್ಷತ್ರ ನೋಡದೆ ಗೆಳೆಯನನ್ನು ನಂಬಿದ್ದಕ್ಕೆ. ಮುಂದಿನ ಏಪ್ರಿಲ್‌ಗೆ ಮತ್ತೆ ಬೆಟ್ಟ. ಡಾಕ್ಟರೇಟು ಇನ್ನೂ ಒಂದು ವರ್ಷ ದೂರ. ಹೊಸ ಉಂಗುರ ಬೇರೆ ಯಾರ ಹತ್ತಿರ ಮಾಡಿಸುತ್ತೀಯ ಎಂದು ಕೇಳಿಯೇಬಿಟ್ಟೆ.

ಅವನು ಹಳೆಯದನ್ನೇ ಬೆಂಚಿನ ಮೇಲಿಟ್ಟ. ಪಿನ್ನಿನ ನೇರಕ್ಕೆ ಬೆರಳಿಟ್ಟ. ಇನ್ನೊಂದು ಸೊನ್ನೆ ಕೊರೆದೆ. ಅವನು ಪಕ್ಕದಲ್ಲೇ ಕೂತು ನೋಡಿದ. ಹಳೆಯ ಸೊನ್ನೆಯನ್ನು ಉಜ್ಜಿ ಹಾಕಲು ಅರ ತೆಗೆದೆ. ಕೈ ಹಿಡಿದ.

“ಬ್ಯಾಡ. ಅದೂ ಇರ್ಲಿ. ಅದನ್ನ ನೋಡಿದಾಗೆಲ್ಲ ಮೋಡ ಹೋಗೋ ತನಕ ಕಾಯ್ತೀನಿ.”

ಹಜೀರಾ ಚಾ ತಂದಳು. ಮೂವರೂ ಕುಡಿದೆವು. ಅವನು ಹೋದ ಮೇಲೆ ಮಸ್ತಾನಸಾಬರ ಕಾಂಪಾಸು ತೆಗೆದೆ. ಕೈ ಎಡಕ್ಕೆ ಹೋಯಿತು, ಸರಿಯಾಗಿಯೇ. ಆದರೂ ನಿಲ್ಲಿಸಿ ಒಂದು ಸಲ ತಾಳೆ ನೋಡಿದೆ.