ಮೂವತ್ತೇಳು ಕಡೆ ಹಳೆಯ ಫಂಕ್ಷನ್

೧೪ ಮಾರ್ಚ್ ೨೦೧೩, ಗುರುವಾರ. ಹೂಡಿ.

ಒಂದು ವಾರದಿಂದ ತಲೆ ತಿನ್ನುತ್ತಿದ್ದ ಕಂಪ್ಯೂಟರ್ ಪರದೆಯ ಆ ಹಳದಿ ವಾರ್ನಿಂಗ್ ಎಷ್ಟು ದೊಡ್ಡದೆಂದು ಇವತ್ತು ತಿಳಿಯಿತು. ಪೀಣ್ಯದ ಕಾರ್ಖಾನೆಯ ಬಾಯ್ಲರ್ ಕಾಯುವ ನಮ್ಮ ಪ್ರೋಗ್ರಾಂನಲ್ಲಿ ಮೂವತ್ತೇಳು ಕಡೆ ಹಳೆಯ ಫಂಕ್ಷನ್‌ಗಳಿವೆ. ಒಂದೊಂದು ಕೆಲಸ ಮಾಡಿಸುವ ಈ ಸಿದ್ಧ ಕೋಡ್ ತುಂಡುಗಳನ್ನು ಇನ್ನು ಬಳಸಬೇಡಿ ಎಂದು, ಇವುಗಳ ಸಂಗ್ರಹವಾದ ಲೈಬ್ರರಿಯನ್ನು ಬರೆದವರೇ ಹೇಳಿದ್ದಾರೆ. ಟೀಮ್ ಲೀಡ್ ರಾಜೇಂದ್ರ ಮಾತ್ರ, "ಓಡ್ತಾ ಇದೆಯಲ್ಲ ಆಶಾ, ವಾರ್ನಿಂಗ್ ಕಾಣದಂಗೆ ಮಾಡ್ಬಿಡು," ಎಂದಿದ್ದರು.

ಮನಸ್ಸು ಒಪ್ಪದೆ ಬೆಳಿಗ್ಗೆ ಪೀಣ್ಯಕ್ಕೆ ಹೋದೆ. ಬಾಯ್ಲರ್ ಆಪರೇಟರ್ ನರಸಪ್ಪನವರ ಎದುರೇ ಬಾಯ್ಲರಿನ ಬಿಸಿ ಅಳೆಯುವ ಸೆನ್ಸರಿನ ವೈರ್ ಕಿತ್ತೆ. ಸೈರನ್ ಕೂಗಬೇಕಿತ್ತು, ಕೂಗಲಿಲ್ಲ. ಸಂಪರ್ಕ ತಪ್ಪಿದ್ದನ್ನು ಹಳೆಯ ಫಂಕ್ಷನ್ ಯಾರಿಗೂ ಹೇಳದೆ ನುಂಗಿಬಿಟ್ಟಿತ್ತು.

"ಸೈರನ್ ಕೂಗ್ಲಿಲ್ಲ ಅಂದ್ರೆ ಎಲ್ಲಾ ಸರಿಯಾಗೈತೆ ಅಂತ ನಾನು ಊಟಕ್ಕೋಗ್ತೀನಿ ಮೇಡಂ," ಎಂದರು ಅವರು.

ಅಲ್ಲಿಂದಲೇ ರಾಜೇಂದ್ರ ಅವರಿಗೆ ಫೋನ್ ಮಾಡಿದೆ. "ಮೂವತ್ತೇಳನ್ನೂ ಬದಲಾಯಿಸ್ತೀನಿ. ಸೋಮವಾರದವರೆಗೆ ಟೈಮ್ ಬೇಕು. ಅಲ್ಲಿವರೆಗೂ ಮೀಟರ್ ಹತ್ರ ಯಾವಾಗ್ಲೂ ಒಬ್ರು ಇರ್ಲಿ."

"ಕ್ಲೈಂಟ್ ಕೇಳಿದ್ರೆ ಏನ್ ಹೇಳ್ಲಿ?"

"ನಮ್ದೇ ತಪ್ಪು ಅಂತ ಹೇಳಿ ಸಾರ್."

"ಸರಿ, ನಾನೇ ಹೇಳ್ತೀನಿ," ಎಂದರು ರಾಜೇಂದ್ರ.

ಆ ಸೆನ್ಸರಿನ ಫಂಕ್ಷನ್ ಅಲ್ಲೇ ಕೂತು ಬದಲಾಯಿಸಿ ಮತ್ತೆ ವೈರ್ ಕಿತ್ತೆ. ಸೈರನ್ ಕಿರುಚಿತು. ನರಸಪ್ಪ ಕಿವಿ ಮುಚ್ಚಿಕೊಂಡು ನಕ್ಕರು. ನನಗೇಕೋ ಅಳು ಬಂತು.

ಸಂಜೆಗೆ ಹನ್ನೊಂದು ಮುಗಿದವು. ಇನ್ನು ಇಪ್ಪತ್ತಾರು. ಬೆರಳುಗಳು ನೋಯುತ್ತಿವೆ, ಆದರೂ ಒಂದನ್ನೂ ಬಿಡುವುದಿಲ್ಲ. ನಾಳೆ ಮೊದಲು ಒತ್ತಡದ ಮೀಟರಿನದು, ಆಮೇಲೆ ನೀರಿನ ಮಟ್ಟದ್ದು.