ಹದಿಮೂರನೆಯ ಸ್ಕ್ರೂ

ನಮ್ಮ ಮನೆ, ಅಡುಗೆಮನೆ ಕಿಟಕಿಯ ಪಕ್ಕ
ಬುಧವಾರ, ಹದಿನೆಂಟನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ ನಿಮ್ಮ ಜಗಳಗಂಟಿ ನಾದಿನಿಯ ನಮಸ್ಕಾರಗಳು.

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಮೂರು ತಿಂಗಳಿಂದ ದಿನಕ್ಕೆ ಎಂಟು ಗಂಟೆ ನಿಂತು ಡಬ್ಬಿ ತುಂಬುವ ಕೆಲಸವಿಲ್ಲವಲ್ಲ, ನಿಮಗಲ್ಲದಿದ್ದರೂ ಮಂಡಿಗಾದರೂ ಸುಖ ಸಿಕ್ಕಿರಬೇಕು. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ನಿಮ್ಮ ತಾಯಿ ಎತ್ತಿಕೊಂಡು "ಅವಳು ಮಲಗಿದಾಳಮ್ಮ" ಅನ್ನುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ಮಲಗುವ ಹೆಂಗಸೇ ನೀವು? ಪಾಪ, ಅವರಿಗೆ ಸುಳ್ಳು ಹೇಳಲೂ ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವಾದರೆ ಮಲಗಿಕೊಂಡೂ ಓದಬಹುದು.

ಅಣ್ಣ ಚೆನ್ನಾಗಿದ್ದಾನೆ ಎಂದು ಬರೆದರೆ ನಿಮಗೆ ಸಿಟ್ಟು ಬರುತ್ತದೆ, ಚೆನ್ನಾಗಿಲ್ಲ ಎಂದರೆ ಕರುಣೆ ಬರುತ್ತದೆ. ಎರಡೂ ಬೇಡ. ನಾನು ಅವನಿಗೆ ಅಡುಗೆ ಮಾಡಿ ಹಾಕುವುದನ್ನು ನಿಲ್ಲಿಸಿದ್ದೇನೆ ಎಂಬುದಷ್ಟನ್ನು ತಿಳಿಸುತ್ತೇನೆ. ಅವತ್ತು ಸಂಜೆ ನೀವು ಅಳುತ್ತಾ ಬಂದು ಕೂತಾಗ, ಒಂದು ಲೋಟ ನೀರು ತಂದುಕೊಡುವುದು ಬಿಟ್ಟು, "ಒಂದೇ ಸಲ ಕೇಳ್ತೀನಿ, ತಗೊಂಡಿದ್ದೀಯಾ?" ಅಂದನಲ್ಲ, ಆ ಬಾಯಿಗೆ ನಾನೇಕೆ ಬಡಿಸಬೇಕು? ತಾನೇ ಬೇಯಿಸಿಕೊಳ್ಳುತ್ತಾನೆ. ಅರ್ಧ ಸೀಯುತ್ತದೆ, ಅರ್ಧ ಬೇಯುವುದಿಲ್ಲ. ತಲೆ ತಗ್ಗಿಸಿಕೊಂಡು ತಿನ್ನುತ್ತಾನೆ. ನಾನು ಎದುರಿಗೇ ಕೂತು ರುಚಿರುಚಿಯಾಗಿ ಉಣ್ಣುತ್ತೇನೆ. ಪಾತ್ರೆ ಮಾತ್ರ ಅವನದೇ ಪಾಲು, ನನ್ನದೂ ಸೇರಿ.

ಈಗ ವಿಷಯಕ್ಕೆ ಬರುತ್ತೇನೆ. ಯಜಮಾನರ ಅಳಿಯ, ನಾವೆಲ್ಲ ಬೆನ್ನ ಹಿಂದೆ ಅಳಿಯದೇವರು ಎಂದು ಕರೆಯುವ ನಮ್ಮ ಮ್ಯಾನೇಜರ್, ಸೋಮವಾರ ನೆಲ ಕಚ್ಚಿದ. ಮರ್ಯಾದೆ ಕೊಟ್ಟು ಬರೆಯೋಣವೆಂದು ಕೂತೆ ಅತ್ತಿಗೆ, ಕೈ ಬರಲಿಲ್ಲ. ಏಕವಚನದಲ್ಲೇ ಓದಿಕೊಳ್ಳಿ.

ನಿಮಗೆ ಕಂಪ್ಯೂಟರಿನ ಮಾತೆಂದರೆ ಆಕಳಿಕೆ ಬರುತ್ತದೆ, ಗೊತ್ತು. ಆದರೂ ಸ್ವಲ್ಪ ಕೇಳಬೇಕು, ನಿಮ್ಮ ಮಾನವೆಲ್ಲ ಅದರೊಳಗೇ ಸಿಕ್ಕಿಕೊಂಡಿತ್ತು. ಹೋದ ವರ್ಷ ಬಂತಲ್ಲ ಆ ಸ್ಟಾಕ್ ಸಾಫ್ಟ್‌ವೇರ್, ಅದರಲ್ಲಿ ನಮ್ಮ ಕಾರ್ಖಾನೆ ಬಿಡಿಭಾಗಗಳಾಗಿ ಡಬ್ಬಿಯಲ್ಲಿ ತುಂಬಿ ಮಾರುವ ಮಕ್ಕಳ ಓದುವ ಮೇಜಿಗೆ 'ಕಿಟ್' ಎಂದು ಹೆಸರು. ಕಿಟ್ಟಿಗೆ ಸ್ವಂತ ಸ್ಟಾಕ್ ಅಂತ ಏನೂ ಇರುವುದಿಲ್ಲ. ಒಳಗಿನ ಸಾಮಾನಿನ ಪಟ್ಟಿಯೇ ಅದರ ಜೀವ. ಮೇಲಿನ ಹಲಗೆ ಒಂದು, ಕಾಲು ನಾಲ್ಕು, ಸ್ಕ್ರೂ ಹನ್ನೆರಡು, ತಿರುಗಿಸುವ ಕೀಲಿ ಒಂದು, ಜೋಡಿಸುವ ಕ್ರಮ ತೋರಿಸುವ ಹಾಳೆ ಒಂದು. ಒಂದು ಡಬ್ಬಿ ಮಾರಾಟವಾಯಿತೆಂದು ಒತ್ತಿದರೆ ಸಾಕು, ಗೋದಾಮಿನ ಲೆಕ್ಕದಿಂದ ಇವೆಲ್ಲ ತಾವಾಗಿಯೇ ಕಳೆದುಹೋಗುತ್ತವೆ. ಪಟ್ಟಿ ಸರಿಯಾಗಿದ್ದರೆ ಗೋದಾಮು ಸರಿ. ಪಟ್ಟಿ ತಪ್ಪಿದರೆ ಗೋದಾಮಿನಲ್ಲಿ ಕಳ್ಳರು ಹುಟ್ಟುತ್ತಾರೆ.

ಹುಟ್ಟಿದ್ದು ಹಾಗೆಯೇ. ಮೂರು ತಿಂಗಳ ಹಿಂದೆ ಸ್ಟಾಕ್ ಎಣಿಸಿದಾಗ ನಾಲ್ಕು ಸಾವಿರದ ಮುನ್ನೂರ ಹದಿನಾರು ಸ್ಕ್ರೂ ಕಡಿಮೆ ಬಂದವು. ಸ್ಕ್ರೂ ಪೊಟ್ಟಣ ಕಟ್ಟುತ್ತಿದ್ದವರು ನೀವೊಬ್ಬರೇ. ಹೊರಗಿನ ಅಂಗಡಿಗೆ ಮಾರಿಕೊಂಡಿದ್ದೀರಿ ಎಂದ ಅಳಿಯದೇವರು. ಪ್ಯಾಕಿಂಗ್ ಕೋಣೆಯ ಉದ್ದ ಮೇಜಿನ ಮೇಲೆ ಎಲ್ಲರೆದುರು ನಿಮ್ಮ ಕೈಚೀಲ ಬೋರಲು ಹಾಕಿಸಿದ. ಊಟದ ಡಬ್ಬಿ, ಬಾಚಣಿಗೆ, ಮಂಡಿನೋವಿನ ಮಾತ್ರೆ, ಎಲ್ಲದರ ಜೊತೆ ಚೀಲದ ಮೂಲೆಯಿಂದ ಒಂದೇ ಒಂದು ಸ್ಕ್ರೂ ಉರುಳಿತು. ದಿನವಿಡೀ ಸ್ಕ್ರೂ ರಾಶಿಯಲ್ಲಿ ಕೈಯಾಡಿಸುವವರ ಚೀಲದಲ್ಲಿ ಸ್ಕ್ರೂ ಸಿಗದೆ ಮುತ್ತು ಸಿಗುತ್ತದೆಯೇ? ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು "ಇದೇನಮ್ಮಾ ಇದು?" ಎಂದು ನಕ್ಕನಲ್ಲ, ಆ ನಗು ನನ್ನ ಹೊಟ್ಟೆಯಲ್ಲಿ ಮೂರು ತಿಂಗಳು ಕೆಂಡದ ಹಾಗೆ ಇತ್ತು.

ಹೋದ ತಿಂಗಳು ಒಂದು ಶಾಲೆಯವರು ಮುನ್ನೂರು ಮೇಜು ಕೇಳಿದರು, ಪುಸ್ತಕದ ಗೂಡು ಸೇರಿಸಿ. ಕಂಪ್ಯೂಟರಿನಲ್ಲಿ ಹೊಸ ಕಿಟ್ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಕಿಟ್ಟಿನ ಪಟ್ಟಿಯನ್ನೇ ನಕಲು ಮಾಡಿ, ಗೂಡಿನ ಹಲಗೆ ಸೇರಿಸಿದರೆ ಮುಗಿಯಿತು. ಫೋಟೋ ಬೇಕಿತ್ತು. ಹಲಗೆ ಗೀಚಿದೆಯೆಂದು ಅಂಗಡಿಯಿಂದ ವಾಪಸು ಬಂದ ಡಬ್ಬಿಗಳು ಗೋದಾಮಿನ ಹಿಂದೆ ಬಿದ್ದಿದ್ದವು. ಒಂದನ್ನು ಬಿಚ್ಚಿದೆ. ನೀವೇ ಕಟ್ಟಿದ ಪೊಟ್ಟಣ, ಬಾಯಿಗೆ ನಿಮ್ಮ ಎರಡು ಮಡಿಕೆ. ಫೋಟೋಗೆಂದು ಸ್ಕ್ರೂಗಳನ್ನು ಸಾಲಾಗಿ ಜೋಡಿಸುತ್ತಾ ಹೋದೆ. ಹದಿಮೂರು! ಇನ್ನೊಂದು ಬಿಚ್ಚಿದೆ, ಅದರಲ್ಲೂ ಹದಿಮೂರು. ಓಡಿಹೋಗಿ ಹೊರಗೆ ಹೋದ ಡಬ್ಬಿಗಳ ಲೆಕ್ಕ ತೆಗೆದೆ. ನಾಲ್ಕು ಸಾವಿರದ ಮುನ್ನೂರ ಹತ್ತು. ಉಳಿದ ಆರು ಸ್ಕ್ರೂ ಯಾವ ಸಂದಿಯಲ್ಲಿ ಬಿದ್ದಿವೆಯೋ, ಅವಕ್ಕೆ ನಾನು ಜವಾಬ್ದಾರಳಲ್ಲ.

ಅಯ್ಯೋ ಅತ್ತಿಗೆ, "ಒಂದು ಹೆಚ್ಚಿಗೆ ಹಾಕ್ತೀನಿ" ಎಂದು ಅವತ್ತೇ ಬಾಯಿ ಬಿಟ್ಟು ಹೇಳಬಾರದಿತ್ತೇ? ಆಮೇಲೆ ನನಗೇ ಹೊಳೆಯಿತು. ನಿಮ್ಮ ಪಾಲಿಗೆ ಅದು ಹೆಚ್ಚಿನದ್ದೇ ಅಲ್ಲ. ಜೋಡಿಸಲು ಕೂತವರ ಕೈಯಿಂದ ಒಂದು ಉರುಳಿ ಹೋಗಿಯೇ ಹೋಗುತ್ತದೆ, ಮಗು ಮೇಜಿಗಾಗಿ ಕಾಯುತ್ತಾ ಕೂರಬಾರದು, ಅದಕ್ಕೇ ಹದಿಮೂರು. ಹದಿನೆಂಟು ವರ್ಷದಿಂದ ನಿಮ್ಮ ಕೈಗೆ ಗೊತ್ತಿದ್ದ ಲೆಕ್ಕ ಅದು. ಪಟ್ಟಿಯಲ್ಲಿ ಹನ್ನೆರಡು ಎಂದಿದೆ ಎಂದು ನಿಮಗೆ ಯಾರು ತೋರಿಸಿದ್ದರು?

ತಕ್ಷಣ ಹೋಗಿ ಅವನಿಗೆ ಹೇಳಿದೆನೇ? ಇಲ್ಲ. ಕೋಣೆಯ ಬಾಗಿಲು ಹಾಕಿಕೊಂಡು "ಓ ಹಾಗಾ" ಅಂದು ಮುಗಿಸಿಬಿಡುತ್ತಿದ್ದ. ನಿಮ್ಮನ್ನು ಕಳ್ಳಿ ಅಂದಿದ್ದು ಹದಿನೇಳು ಜನರ ಎದುರು, ತಪ್ಪಾಯಿತು ಅನ್ನುವುದು ನಾಲ್ಕು ಗೋಡೆಯ ಎದುರೇ? ಹನ್ನೊಂದು ದಿನ ಹಲ್ಲು ಕಚ್ಚಿಕೊಂಡು ಕಾದೆ. ಸುಮ್ಮನೆ ಕಾಯಲಿಲ್ಲ ಅನ್ನಿ. ನೀವು ಹೋದಮೇಲೆ ಪೊಟ್ಟಣಕ್ಕೆ ಎಣಿಸಿ ಹನ್ನೆರಡೇ ಹಾಕಿಸುತ್ತಿದ್ದನಲ್ಲ, ಒಂದು ಸ್ಕ್ರೂ ಸಾಲದೆಂದು ಗಿರಾಕಿಗಳ ಫೋನೋ ಫೋನು. ಕಿಟ್ಟಿನ ಪುಟದಲ್ಲಿ 'ದೂರಿಗೆ ಸಂಪರ್ಕಿಸಿ' ಎಂಬ ಖಾಲಿ ಜಾಗ ಇತ್ತು. ಅಲ್ಲಿ ಅವನ ಸ್ವಂತ ಮೊಬೈಲ್ ನಂಬರ್ ಹಾಕಿದೆ. ಓದದೆಯೇ ಒಪ್ಪಿಗೆ ಒತ್ತಿದ. ಎಲ್ಲ ಡಬ್ಬಿಯ ಮೇಲೂ ಅಚ್ಚಾಯಿತು. ಊಟಕ್ಕೆ ಕೂತರೆ ಫೋನು, ಕಾರಿನಲ್ಲಿ ಫೋನು, ಸ್ನಾನಕ್ಕೆ ಹೋದರೂ ಫೋನು. "ನನ್ನ ನಂಬರ್ ಇವರಿಗೆಲ್ಲ ಯಾರು ಕೊಟ್ರು?" ಎಂದು ಕೂಗಾಡುತ್ತಿದ್ದ. ನಾನು ತುಂಬಾ ಮರುಕದ ಮುಖ ಮಾಡಿಕೊಂಡು "ಹೌದಾ ಸರ್?" ಅನ್ನುತ್ತಿದ್ದೆ.

ಸೋಮವಾರ ಬೆಳಿಗ್ಗೆ ಶಾಲೆಯವರು ಬಂದರು, ದೊಡ್ಡ ಯಜಮಾನರೂ ಬಂದರು. ಪ್ಯಾಕಿಂಗ್ ಕೋಣೆಯ ಗೋಡೆಗೆ ದೊಡ್ಡ ಟೀವಿ ಹಾಕಿಸಿ, ಕಂಪ್ಯೂಟರ್ ಮುಂದೆ ನನ್ನನ್ನು ಕೂರಿಸಿ, ತಾನು ಕೋಟು ಹಾಕಿಕೊಂಡು ಭಾಷಣ ಶುರುಮಾಡಿದ. ಒಂದು ಸ್ಕ್ರೂ ಕೂಡ ತಪ್ಪಿಸಿಕೊಳ್ಳಲಾರದ ವ್ಯವಸ್ಥೆಯಂತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದನೇನೋ. "ಮೊದಲು ಒಬ್ಬಾಕೆ ಇದ್ರು, ಕದೀತಿದ್ರು. ಸಿಸ್ಟಮ್ಮೇ ಹಿಡ್ಕೊಡ್ತು" ಅಂದ. "ಸರ್, ಅದನ್ನೂ ತೋರಿಸಲಾ?" ಅಂದೆ. ಉಬ್ಬಿಹೋಗಿ "ತೋರಿಸು, ತೋರಿಸು" ಅಂದ.

ತೋರಿಸಿದೆ. ಹೊರಗೆ ಹೋದ ಡಬ್ಬಿ ಇಷ್ಟು, ಕಡಿಮೆ ಬಿದ್ದ ಸ್ಕ್ರೂ ಇಷ್ಟು, ಎರಡೂ ಅಕ್ಕಪಕ್ಕ. ಆಮೇಲೆ ಎದ್ದು, ನೀವು ಕಟ್ಟಿದ ಏಳು ಹಳೆಯ ಡಬ್ಬಿಗಳನ್ನು ತಂದು, ನಿಮ್ಮ ಚೀಲ ಬೋರಲು ಹಾಕಿದ ಅದೇ ಮೇಜಿನ ಮೇಲೆ ಇಟ್ಟೆ. "ನೀವೇ ಎಣಿಸಿ ಸರ್, ಎಲ್ಲರಿಗೂ ಕೇಳೋ ಹಾಗೆ" ಅಂದೆ. ಎಣಿಸಿದ. ಹನ್ನೆರಡರವರೆಗೆ ಗಟ್ಟಿಯಾಗಿ ಎಣಿಸಿದ, ಹದಿಮೂರನೆಯದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮತ್ತೆ ಒಂದರಿಂದ ಶುರುಮಾಡಿದ. ಏಳೂ ಡಬ್ಬಿ ಎಣಿಸುವವರೆಗೆ ನಾನು ಬಿಡಲಿಲ್ಲ ಅತ್ತಿಗೆ. ಇಂಗು ತಿಂದ ಮಂಗನ ಹಾಗಾಗಿತ್ತು ಮುಖ. ಅದನ್ನು ನೀವು ನೋಡಬೇಕಿತ್ತು. ನಾಲ್ಕನೆಯ ಡಬ್ಬಿ ಮುಗಿದಾಗಲೇ ದೊಡ್ಡ ಯಜಮಾನರು ಒಂದೇ ಮಾತು ಕೇಳಿದ್ದರು, "ಈ ಪಟ್ಟಿ ಎಣಿಸದೆ ಒಪ್ಪಿದ್ದು ಯಾರು?" ಎಲ್ಲರ ಕಣ್ಣೂ ಅವನ ಮೇಲೆ ಹೋಯಿತು. ಹದಿನೇಳು ಜನ ನೋಡುತ್ತಿದ್ದಂತೆ ಮಾವನಿಂದ ಬೈಸಿಕೊಂಡ. ನಿನ್ನೆಯಿಂದ ಅವನ ಕುರ್ಚಿ ಗೋದಾಮಿನ ಮೂಲೆಗೆ ಹೋಗಿದೆ, ಬೀಗದ ಕೈ ಗೊಂಚಲು ಮಾವನ ಜೇಬಿಗೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಮನೆಗೆ ಬಂದು ಅಣ್ಣನ ಪಾಲಿನ ಪಾತ್ರೆ ಕೂಡ ತೊಳೆದೆ. ವಿಷಯ ಕೇಳಿದ ಅಣ್ಣ ಗೋಡೆ ಕಡೆ ತಿರುಗಿ ಕೂತು ಅತ್ತ. ನಾನು ಸಮಾಧಾನ ಮಾಡಲಿಲ್ಲ. ಅತ್ತುಕೊಳ್ಳಲಿ.

ಭಾನುವಾರ ಬೆಳಿಗ್ಗೆ ಮಾವ ಅಳಿಯ ಇಬ್ಬರೂ ನಿಮ್ಮಲ್ಲಿಗೆ ಕ್ಷಮೆ ಕೇಳಲು ಬರುತ್ತಾರೆ. ನಿಮ್ಮ ಮನಸ್ಸು ಮೆತ್ತಗೆ, ಅದಕ್ಕೇ ಹೇಳಿಕೊಡುತ್ತಿದ್ದೇನೆ. ಯಜಮಾನರಿಗೆ ಕುರ್ಚಿ ಹಾಕಿ, ಅವನನ್ನು ಹೊಸ್ತಿಲಾಚೆ ನಿಲ್ಲಿಸಿ. "ಪರವಾಗಿಲ್ಲ" ಎಂಬ ಮಾತು ನಿಮ್ಮ ಬಾಯಿಂದ ಬರಕೂಡದು. ಕ್ಷಮೆಯನ್ನು ಪ್ಯಾಕಿಂಗ್ ಕೋಣೆಯಲ್ಲೇ, ಆ ಮೇಜಿನ ಮುಂದೆಯೇ, ಆ ಹದಿನೇಳು ಜನರೆದುರೇ ಕೇಳಬೇಕು ಅನ್ನಿ. ನಿಮ್ಮ ಕೈಚೀಲವನ್ನು ಅವನೇ ಹೊತ್ತು ತರಬೇಕು ಅನ್ನಿ. ಅಣ್ಣನೂ ಬರುತ್ತೇನೆ ಅಂದ. ನೀವು ಕರೆಯುವವರೆಗೆ ಕಾಲಿಡಬಾರದು ಅಂದಿದ್ದೇನೆ.

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ನೀವು ಇಲ್ಲದ ಮನೆ ಮನೆಯ ಹಾಗಿಲ್ಲ, ಬೇಗ ಬನ್ನಿ.

ಇತಿ, ನಿಮ್ಮ ಕೈಯಲ್ಲೇ ಬೆಳೆದ
ನಾದಿನಿ

ತಾ.ಕ.: ಅಂಚೆಗೆ ಹೊತ್ತಾಯಿತು. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಹೋದ ವರ್ಷ ಪಟ್ಟಿಯಲ್ಲಿ ಹನ್ನೆರಡು ಎಂದು ಹಾಕಿದವಳು ನಾನು. ಜೋಡಿಸುವ ಹಾಳೆಯ ಚಿತ್ರ ನೋಡಿ ಹಾಕಿದೆ. "ಕೆಳಗೆ ಹೋಗಿ ನಿಮ್ಮ ಅತ್ತಿಗೆ ಹತ್ರ ಎಣಿಸಿ ಹಾಕು" ಎಂದು ಅಳಿಯದೇವರು ಹೇಳಿಯೇ ಇದ್ದ. ನಾನು ನಿಮ್ಮ ಕೊಡೆ ಕಳೆದಿದ್ದಕ್ಕೆ ಅವತ್ತು ಬೆಳಿಗ್ಗೆ ನೀವು ಬೈದಿದ್ದಿರಿ, ನಾನು ಮಾತು ಬಿಟ್ಟಿದ್ದೆ. ಹತ್ತೊಂಬತ್ತು ಮೆಟ್ಟಿಲು ಇಳಿದು ನಿಮ್ಮ ಮುಖ ನೋಡಬೇಕಲ್ಲಾ ಎಂದು, 'ಎಣಿಸಿ ನೋಡಿದ್ದೇನೆ' ಎಂಬಲ್ಲಿ ಟಿಕ್ ಹಾಕಿ ಕೂತೆ. ಅವನು ನನ್ನ ಟಿಕ್ ನಂಬಿ ಒಪ್ಪಿಗೆ ಒತ್ತಿದ್ದ. ಸೋಮವಾರ ಯಜಮಾನರು ಕೇಳಿದಾಗ ಅದನ್ನು ಹೇಳಲು ಅವನು ಎರಡು ಸಲ ಬಾಯಿ ತೆರೆದ, ಎರಡು ಸಲವೂ ನಾನು ಮುಂದಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ. ಭಾನುವಾರ ಅವನು ನಿಮಗೆ ಇದನ್ನು ಹೇಳಿಯೇ ಹೇಳುತ್ತಾನೆ. ಅದಕ್ಕೆ ಮೊದಲು ನನ್ನಿಂದಲೇ ತಿಳಿಯಲಿ. ಅವನನ್ನು ಏನು ಮಾಡಬೇಕೆಂದು ನಾನು ಇಷ್ಟುದ್ದ ಬರೆದೆ. ನನ್ನನ್ನು ಏನು ಮಾಡಬೇಕೆಂದು ನೀವು ಬರೆಯಿರಿ.